ಆರಿಸಿ ಕಳಿಸಿದ ಐದು ಕೋಳಿ

ಜನವರಿ 15

ಡಾಕ್ಟರಮ್ಮನವರಿಗೆ,

ನಿಮ್ಮ ಅಣ್ಣನ ಹೆಂಡತಿ ಬರೆಯುತ್ತಿದ್ದೇನೆ. ಅಕ್ಷರ ನೋಡಿಯೇ ಗೊತ್ತಾಗಿರುತ್ತದೆ. ಆದರೂ ಮಾತು ಬಿಟ್ಟು ಎರಡು ವರ್ಷವಾಯಿತಲ್ಲ, ಹೇಳಿಬಿಡುವುದು ಮೇಲು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಾದರೆ ಕೋಳಿಯ ವಿಷಯಕ್ಕೆ ಬರುವ ಮೊದಲೇ ನಮ್ಮಿಬ್ಬರಲ್ಲಿ ಒಬ್ಬರು ಫೋನ್ ಕುಕ್ಕಿರುತ್ತೇವೆ. ಅದಕ್ಕೇ ಕಾಗದ.

ವಿಷಯ ಇಷ್ಟೇ. ಕೋಳಿ ಶೆಡ್ಡನ್ನು ಈಗ ನಾನೇ ನಡೆಸುತ್ತಿದ್ದೇನೆ. ಕಂಪನಿಯವರು ಮರಿ ಮತ್ತು ಮೇವು ಕೊಡುತ್ತಾರೆ, ನಲವತ್ತು ದಿನ ಸಾಕಿ ಕೊಡುವುದು ನನ್ನ ಕೆಲಸ. ಕಳೆದ ಎರಡು ಬ್ಯಾಚಿನಲ್ಲಿ ಕೋಳಿಗಳು ತೂಕಕ್ಕೆ ಬರಲೇ ಇಲ್ಲ. ಹೆಚ್ಚು ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ. ತಿನ್ನುವುದಕ್ಕೆ ಮಾತ್ರ ಏನೂ ಕಡಿಮೆಯಿಲ್ಲ. ಕಂಪನಿಯ ಸೂಪರ್‌ವೈಸರ್ ಒಬ್ಬ ಬರುತ್ತಾನೆ, ಯಾವಾಗ ನೋಡಿದರೂ ಏನಾದರೂ ತೂಗುತ್ತಲೇ ಇರುತ್ತಾನೆ, ಅದಕ್ಕೆ ಅವನಿಗೆ ತಕ್ಕಡಿ ಅಂತಲೇ ಹೆಸರಾಗಿದೆ. "ಅಕ್ಕಾ, ಇನ್ನೊಂದು ಸಲ ಹಿಂಗಾದ್ರೆ ಮರಿ ಕೊಡೋದು ನಿಲ್ಲಿಸ್ತಾರೆ. ನನ್ ಕೈಲಿ ಏನೂ ಇಲ್ಲ" ಅಂದ. ಮರಿ ನಿಂತರೆ ಶೆಡ್ಡು ಖಾಲಿ. ಶೆಡ್ಡು ಖಾಲಿಯಾದರೆ ಬೆಳಿಗ್ಗೆ ಎದ್ದು ನಾನು ಎಲ್ಲಿಗೆ ಹೋಗಬೇಕು ಅಂತ ನನಗೇ ಗೊತ್ತಿಲ್ಲ. ಈ ಸಾಲನ್ನು ಹೊಡೆದುಹಾಕಬೇಕು ಅಂದುಕೊಂಡೆ, ಇರಲಿ ಬಿಡಿ.

ನಿಮ್ಮ ಲ್ಯಾಬಿನಲ್ಲಿ ಕೋಳಿಯ ಕರುಳು ಬಿಚ್ಚಿ ನೋಡಿ ರೋಗ ಹೇಳುತ್ತಾರಲ್ಲ. ಈಗಿರುವ ಹೊಸ ಬ್ಯಾಚಿನಲ್ಲಿ ನಿನ್ನೆ ಸತ್ತ ಎರಡು ಮರಿಗಳನ್ನು ಐಸ್ ಡಬ್ಬಿಯಲ್ಲಿಟ್ಟು ಮೊಟ್ಟೆ ವ್ಯಾನಿನವನ ಕೈಯಲ್ಲಿ ಕಳಿಸಿದ್ದೇನೆ. ಅವನು ನಿಮ್ಮ ಗೇಟಿನ ಮುಂದೆಯೇ ಹೋಗುವವನು. ನೋಡುವ ಮನಸ್ಸಿದ್ದರೆ ನೋಡಿ. ಇಲ್ಲದಿದ್ದರೆ ಡಬ್ಬಿಯನ್ನಾದರೂ ವಾಪಸ್ ಕೊಟ್ಟು ಕಳಿಸಿ.

ಇಷ್ಟೇ,
ಶೆಡ್ಡಿನವಳು


ಜನವರಿ 18

ಅತ್ತಿಗೆಯವರಿಗೆ,

ಡಬ್ಬಿ ತಲುಪಿತು. ತೊಳೆದು ವಾಪಸ್ ಕಳಿಸಿದ್ದೇನೆ.

ಮರಿಗಳನ್ನು ನೋಡಿದೆ, ಆದರೆ ಏನೂ ಹೇಳಲಾರೆ. ಕೋಳಿ ಸತ್ತು ಒಂದು ಗಂಟೆಯಾಗುವಷ್ಟರಲ್ಲಿ ಕರುಳು ಕೆಡತೊಡಗುತ್ತದೆ. ಆಮೇಲೆ ಕಾಣುವ ಕೆಂಪು ರೋಗದ್ದೋ ಸಾವಿನದ್ದೋ ಅಂತ ಬೇರೆ ಮಾಡುವುದು ಕಷ್ಟ. ಐಸಿನಲ್ಲಿಟ್ಟರೂ ಅಷ್ಟೇ.

ನೀವು ಬರೆದಿರುವುದನ್ನು ಓದಿದರೆ ನನ್ನ ಅನುಮಾನ ಕಾಕ್ಸಿ ರೋಗದ ಮೇಲೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಪರಾವಲಂಬಿ ಜೀವಿ, ಕರುಳಿನ ಗೋಡೆಯೊಳಗೆ ಹೊಕ್ಕು ಬೆಳೆಯುತ್ತದೆ. ಜೋರಾಗಿ ಬಂದರೆ ರಕ್ತಭೇದಿಯಾಗಿ ಕೋಳಿ ಸಾಯುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಸಣ್ಣದಾಗಿ ಬಂದರೆ ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಕರುಳು ಹಾಳಾಗಿ, ತಿಂದದ್ದು ಮೈಗೆ ಹತ್ತುವುದಿಲ್ಲ. ಕರುಳನ್ನು ಉದ್ದಕ್ಕೆ ಬಿಚ್ಚಿ ನೋಡಿ, ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕುತ್ತೇವೆ. ಸೊನ್ನೆ ಬಂದರೆ ಕರುಳು ಶುಭ್ರ, ನಾಲ್ಕು ಬಂದರೆ ಪೂರ್ತಿ ಕೆಟ್ಟಿದೆ. ಶಾಲೆಯ ಅಂಕಕ್ಕೆ ತದ್ವಿರುದ್ಧ.

ಮರಿಗಳಿಗೆ ಇಪ್ಪತ್ನಾಲ್ಕು ದಿನವಾದಾಗ ಐದು ಕೋಳಿಗಳನ್ನು ಜೀವಂತವಾಗಿ ಕಳಿಸಿ. ಆ ದಿನ ನಿಮ್ಮ ಶೆಡ್ಡಿನ ಸರಾಸರಿ ತೂಕ ಎಷ್ಟಿತ್ತು ಅಂತಲೂ ಬರೆಯಿರಿ.

ಆರೋಗ್ಯ ನೋಡಿಕೊಳ್ಳಿ.

ಲ್ಯಾಬಿನಿಂದ,
ನಿಮ್ಮ ನಾದಿನಿ


ಜನವರಿ 27

ಡಾಕ್ಟರಮ್ಮನವರಿಗೆ,

ಐದು ಕೋಳಿ ಕಳಿಸಿದ್ದೇನೆ. ಬುಟ್ಟಿಯ ಮೇಲೆ ಗಾಳಿಯಾಡುವಂಥ ಬಟ್ಟೆ ಕಟ್ಟಿದ್ದೇನೆ. ಬೆಳಿಗ್ಗೆ ಮೇವು, ನೀರು ಎರಡೂ ಆಗಿದೆ. ದಾರಿಯಲ್ಲಿ ವ್ಯಾನಿನವನು ಹಾಡು ಜೋರಾಗಿ ಹಾಕದ ಹಾಗೆ ಹೇಳಿದ್ದೇನೆ, ಕೇಳುತ್ತಾನೋ ಇಲ್ಲವೋ. ಇವತ್ತಿನ ಸರಾಸರಿ ಒಂಬೈನೂರ ಐವತ್ತು ಗ್ರಾಂ.

ಆರೋಗ್ಯ ನೋಡಿಕೊಳ್ಳಿ ಅಂದಿದ್ದೀರಿ. ಮಂಡಿ ಹಿಡಿದುಕೊಳ್ಳುತ್ತದೆ, ಬಾಯಿ ಇನ್ನೂ ಗಟ್ಟಿಯಾಗಿದೆ.

ಶೆಡ್ಡಿನವಳು


ಜನವರಿ 29

ಅತ್ತಿಗೆಯವರಿಗೆ,

ಐದೂ ಕೋಳಿಗಳು ಸುರಕ್ಷಿತವಾಗಿ ಬಂದವು. ಬಂದ ಗಂಟೆಯೊಳಗೇ ನೋಡಿದೆ. ನಮ್ಮಲ್ಲಿ ಒಂದು ನಿಯಮವಿದೆ. ಯಾವ ಕೋಳಿ ಯಾರದು ಅಂತ ನೋಡುವವರಿಗೆ ತಿಳಿಸದೆ, ಬೇರೆಯವರ ಕೋಳಿಗಳ ಜೊತೆ ಬೆರೆಸಿ ಮೇಜಿನ ಮೇಲಿಡುತ್ತಾರೆ. ಹಾಗಾಗಿ ಅಂಕದಲ್ಲಿ ಪಕ್ಷಪಾತವಿಲ್ಲ.

ನಿಮ್ಮ ಕೋಳಿಗಳಿಗೆ ಬಂದ ಅಂಕ ನಾಲ್ಕು ಕೋಳಿಗೆ ಸೊನ್ನೆ, ಒಂದು ಕೋಳಿಗೆ ಒಂದು. ಕರುಳು ತೆಳ್ಳಗೆ, ತಿಳಿ ಗುಲಾಬಿ ಬಣ್ಣದಲ್ಲಿ, ಒಳಗೆ ಮೇವು ಚೆನ್ನಾಗಿ ಜೀರ್ಣವಾಗಿದೆ. ಇತ್ತೀಚೆಗೆ ಇಷ್ಟು ಒಳ್ಳೆಯ ಕರುಳನ್ನು ನಾನು ನೋಡಿಲ್ಲ. ನನ್ನ ಅನುಮಾನ ತಪ್ಪು, ಇದು ಕಾಕ್ಸಿ ಅಲ್ಲ. ಮೇವಿನ ಗುಣಮಟ್ಟವೋ, ಕಂಪನಿ ಕೊಟ್ಟ ಮರಿಗಳೇ ಬಡಕಲೋ ಇರಬೇಕು. ವರದಿ ಲಗತ್ತಿಸಿದ್ದೇನೆ, ಸೂಪರ್‌ವೈಸರ್‌ಗೆ ತೋರಿಸಿ. ಔಷಧಿ ಏನೂ ಬೇಡ.

ನಿಮ್ಮ ನಾದಿನಿ


ಫೆಬ್ರವರಿ 15

ಡಾಕ್ಟರಮ್ಮನವರಿಗೆ,

ನಿಮ್ಮ ವರದಿಯನ್ನು ತಕ್ಕಡಿಗೆ ತೋರಿಸಿದೆ. "ಕರುಳು ಚೆನ್ನಾಗಿದೆ ಅಂದ್ರೆ ಸಾಕಿದವರದ್ದೇ ತಪ್ಪು ಅಂತಾಯ್ತಲ್ಲಕ್ಕಾ" ಅಂದ. ಎರಡು ದಿನದ ಹಿಂದೆ ಲಾರಿ ಬಂದು ಕೋಳಿಗಳನ್ನು ತುಂಬಿಕೊಂಡು ಹೋಯಿತು. ಒಂದೊಂದೂ ಅರ್ಧ ಕೆಜಿ ಕಡಿಮೆ. ನಲವತ್ತು ದಿನ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದು, ನನ್ನ ಕಣ್ಣೆದುರಿಗೇ ಅವನು ಕಾಗದದ ಮೇಲೆ ಕೆಂಪು ಗೆರೆ ಎಳೆದ. ನಾನು ಜೀವಮಾನದಲ್ಲಿ ಯಾರ ಹತ್ತಿರವೂ ಗೋಗರೆದವಳಲ್ಲ. ಅವತ್ತು ಗೋಗರೆದೆ. "ಸರಿ, ಇನ್ನೊಂದೇ ಒಂದು ಬ್ಯಾಚು. ಅದೂ ತೀರ್ಕೊಂಡ ನಿಮ್ ಯಜಮಾನ್ರ ಮುಖ ನೆನೆಸ್ಕೊಂಡು" ಅಂದ. ಇದೇ ಕೊನೆ.

ಒಂದು ಮಾತು ಬರೆದುಬಿಡುತ್ತೇನೆ. ನಿಮ್ಮ ಅಣ್ಣ ಹೋದಾಗ, ಎಲ್ಲ ನೆಂಟರೂ ಕೂತಿರುವಾಗ, "ಅಷ್ಟು ದಿನ ಹೊಟ್ಟೇಲಿ ಹುಣ್ಣಿಟ್ಕೊಂಡು ಓಡಾಡ್ತಿದ್ದೋನ್ನ ನೀವು ನೋಡ್ಕೊಳ್ಳಲಿಲ್ಲ" ಅಂದಿರಿ. ಡಾಕ್ಟರು ಹೇಳಿದ ಮೇಲೆ ಆಯಿತು ಅಂತ ಸುಮ್ಮನಿದ್ದೆ. ಈಗ ಕರುಳು ಚೆನ್ನಾಗಿದೆ ಅಂದಿರಿ, ಅದಕ್ಕೂ ಸುಮ್ಮನಿದ್ದೆ. ನೀವು ಹೇಳಿದ್ದಕ್ಕೆಲ್ಲ ನಾನು ಸುಮ್ಮನಿದ್ದರೆ ಕೊನೆಗೆ ನನಗೆ ಉಳಿಯುವುದೇನು?

ಶೆಡ್ಡಿನವಳು


ಫೆಬ್ರವರಿ 18

ಅತ್ತಿಗೆಯವರಿಗೆ,

ನಿಮ್ಮ ಕಾಗದ ಓದಿ, ಆ ಕೋಳಿಗಳ ಕರುಳು ಸವರಿ ಎತ್ತಿಟ್ಟಿದ್ದ ಗಾಜಿನ ಪಟ್ಟಿಗಳನ್ನೆಲ್ಲ ತೆಗೆದು ಮತ್ತೆ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನಾನು ತಪ್ಪು ನೋಡಿದ್ದರೆ ಸಿಕ್ಕಲಿ ಅಂತಲೇ ನೋಡಿದೆ. ಸಿಕ್ಕಲಿಲ್ಲ. ಆ ಐದು ಕೋಳಿಗಳಿಗೆ ರೋಗವಿರಲಿಲ್ಲ.

ಆದರೆ ಇನ್ನೊಂದು ಕಣ್ಣಿಗೆ ಬಿತ್ತು, ಅವತ್ತೇ ಬೀಳಬೇಕಿತ್ತು. ನಿಮ್ಮ ಶೆಡ್ಡಿನ ಸರಾಸರಿ ಒಂಬೈನೂರ ಐವತ್ತು ಗ್ರಾಂ. ನನ್ನ ಮೇಜಿಗೆ ಬಂದ ಐದರಲ್ಲಿ ಒಂದೂ ಒಂದೂಕಾಲು ಕೆಜಿಗಿಂತ ಕಡಿಮೆಯಿಲ್ಲ. ಆ ಕೋಳಿಗಳನ್ನು ಹಿಡಿದವರು ಯಾರು? ಶೆಡ್ಡಿನ ಯಾವ ಭಾಗದಿಂದ ಹಿಡಿದರು? ದಯವಿಟ್ಟು ಬರೆಯಿರಿ. ಕೋಪವಿದ್ದರೆ ಇರಲಿ, ಇದಕ್ಕೆ ಮಾತ್ರ ಉತ್ತರ ಕೊಡಿ.

ಉಳಿದ ಮಾತಿಗೆ ಬೇರೆ ಕಾಗದ ಬರೆಯುತ್ತೇನೆ.

ನಿಮ್ಮ ನಾದಿನಿ


ಫೆಬ್ರವರಿ 22

ಡಾಕ್ಟರಮ್ಮನವರಿಗೆ,

ಹಿಡಿದವಳು ನಾನೇ. ಯಾವ ಭಾಗ ಅಂತ ಕೇಳಿದ್ದೀರಿ. ಎಲ್ಲ ಭಾಗದಿಂದಲೂ. ಇಡೀ ಬೆಳಿಗ್ಗೆ ಶೆಡ್ಡು ಪೂರ್ತಿ ಸುತ್ತಿ, ಒಂದೊಂದನ್ನೂ ಎತ್ತಿ ನೋಡಿ, ಎದೆ ಮುಟ್ಟಿ ನೋಡಿ, ಗರಿ ಹೊಳೆಯುವಂಥವನ್ನೇ ಆರಿಸಿ ಐದು ಹಿಡಿದೆ. ಒಂದನ್ನು ಬುಟ್ಟಿಗೆ ಹಾಕಿದ ಮೇಲೆ ಅದರ ಕಾಲು ಸ್ವಲ್ಪ ಸೊಟ್ಟಗಿದೆ ಅಂತ ಅನ್ನಿಸಿ, ಬಿಟ್ಟು ಬೇರೆ ಹಿಡಿದೆ.

ಯಾಕೆ ಅಂತ ಕೇಳುತ್ತೀರಿ, ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ನೋಡು, ಲ್ಯಾಬಿಗೆ ಕಳಿಸುತ್ತಿದ್ದೇನೆ ಅನ್ನುವುದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಎರಡು ವರ್ಷದ ಮೇಲೆ ತವರಿನಿಂದ ನಿನಗೆ ಒಂದು ಬುಟ್ಟಿ ಹೋಗುತ್ತಿದೆ. ಮಾತಿಲ್ಲ ಕತೆಯಿಲ್ಲ, ಅದು ಬೇರೆ. ಮನೆಮಗಳಿಗೆ ಕಳಿಸುವ ಬುಟ್ಟಿಯಲ್ಲಿ ಬಡಕಲು ಕೋಳಿ ಇಡುವುದಕ್ಕೆ ನನಗೆ ಕೈ ಬರಲಿಲ್ಲ. ನಿಮ್ಮಣ್ಣ ಇದ್ದಿದ್ದರೂ ಹಾಗೇ ಮಾಡುತ್ತಿದ್ದರು. ಕರುಳು ನೋಡಿಯಾದ ಮೇಲೆ ಮಾಂಸವೇನೂ ದಂಡವಾಗುವುದಿಲ್ಲವಲ್ಲ, ಮನೆಗೆ ತೆಗೆದುಕೊಂಡು ಹೋಗಿ ಅಡುಗೆ ಮಾಡುತ್ತೀಯ ಅಂತಲೂ ಅಂದುಕೊಂಡಿದ್ದೆ.

ಈಗ ಅರ್ಥವಾಗುತ್ತಿದೆ, ನನ್ನ ಶೆಡ್ಡಿಗೆ ನಾನೇ ಕಲ್ಲು ಹಾಕಿಕೊಂಡೆ. ನಿನ್ನ ಮೇಲೆ ಹಾರಾಡಿದ್ದಕ್ಕೆ ಕ್ಷಮಿಸು. ಪೆನ್ನಿನಲ್ಲಿ ಬರೆದದ್ದು, ಅಳಿಸಲು ಬರುವುದಿಲ್ಲ.

ಅತ್ತಿಗೆ


ಫೆಬ್ರವರಿ 26

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದವನ್ನು ಲ್ಯಾಬಿನಲ್ಲೇ ನಿಂತು ಓದಿದೆ. ಓದುತ್ತಾ ನಗು ಬಂತು, ನಗುತ್ತಿದ್ದ ಹಾಗೇ ಅಳು ಬಂತು. ಪಕ್ಕದ ಮೇಜಿನವಳು ಫಾರ್ಮಲಿನ್ ಕಣ್ಣಿಗೆ ಹಾರಿತೇನೋ ಅಂತ ನೀರಿನ ಬಾಟಲಿ ತಂದಳು.

ಅಪ್ಪ ಅಮ್ಮ ಹೋದ ಮೇಲೆ ನನಗೆ ತವರು ಅಂತಿದ್ದದ್ದು ಅಣ್ಣ. ಅಣ್ಣ ಹೋದ ಮೇಲೆ ಆ ಬಾಗಿಲು ಮುಚ್ಚಿತು, ಮುಚ್ಚಿದವಳೂ ನಾನೇ ಅಂದುಕೊಂಡು ಎರಡು ವರ್ಷ ಕಳೆದಿದ್ದೇನೆ. ನೀವು ಇಡೀ ಬೆಳಿಗ್ಗೆ ಮಂಡಿ ನೋವಿನಲ್ಲಿ ಶೆಡ್ಡು ಸುತ್ತಿ ನನಗೆ ಕೋಳಿ ಆರಿಸಿದ್ದೀರಿ, ನಾನು ಅದಕ್ಕೆ ಸೊನ್ನೆ, ಒಂದು ಅಂತ ಅಂಕ ಹಾಕಿ ವರದಿ ಕಳಿಸಿದ್ದೇನೆ. ಲ್ಯಾಬಿನ ಕೋಳಿಗಳನ್ನು ಮನೆಗೆ ಒಯ್ಯುವ ಹಾಗಿಲ್ಲ, ಸುಟ್ಟುಹಾಕುತ್ತಾರೆ. ಮನೆಯಲ್ಲಿ ಇವರಿಗೆ ವಿಷಯ ಹೇಳಿದೆ. "ನಿನ್ ತವರಿನವರು ಅಷ್ಟು ಪ್ರೀತಿಯಿಂದ ಕಳಿಸಿದ್ದನ್ನ ಬೆಂಕಿಗೆ ಹಾಕಿ ಬಂದ್ಯಾ" ಅಂತ ಊಟ ಮುಗಿಯುವವರೆಗೂ ಗೊಣಗಿದರು.

ತಪ್ಪು ನಿಮ್ಮದಲ್ಲ. ಹೇಗೆ ಹಿಡಿಯಬೇಕು ಅಂತ ನಾನು ಬರೆಯಲೇ ಇಲ್ಲ. ನಮಗೆ ಇದು ಅಭ್ಯಾಸವಾಗಿ, ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡುಬಿಡುತ್ತೇವೆ. ಈ ಸಲ ಕೋಳಿ ಕಳಿಸಬೇಡಿ. ನೀವೇ ಬಿಚ್ಚಿ ನೋಡಿ. ಕತ್ತರಿ, ಕೈಗವಸು, ಚಿತ್ರಗಳಿರುವ ಒಂದು ಹಲಗೆ ಕಳಿಸಿದ್ದೇನೆ. ಮರಿಗಳು ಇಪ್ಪತ್ತೊಂದು ದಿನದವಾದಾಗ ಶೆಡ್ಡಿನ ನಾಲ್ಕು ಮೂಲೆ ಮತ್ತು ನಡುವಿನಿಂದ ಒಂದೊಂದು ಹಿಡಿಯಿರಿ. ಕಣ್ಣು ಮುಚ್ಚಿ ಕೈ ಹಾಕಿ, ಮೊದಲು ಸಿಕ್ಕಿದ್ದನ್ನೇ ಎತ್ತಿಕೊಳ್ಳಿ. ಚೆನ್ನಾಗಿರುವುದು ಬೇಡ, ಓಡಲಾರದೆ ಕೂತಿರುವುದನ್ನೇ ಹುಡುಕುವುದೂ ಬೇಡ. ಸಿಕ್ಕಿದ್ದು ಸಿಕ್ಕಿದ ಹಾಗೆ.

ಒಂದನ್ನು ಕೊಂದ ಕೂಡಲೇ ಅದನ್ನು ನೋಡಿ ಮುಗಿಸಿ, ಆಮೇಲೆ ಇನ್ನೊಂದು. ಕರುಳನ್ನು ಬಿಚ್ಚುವ ಮೊದಲು ಹೊರಗಿನಿಂದ ನೋಡಿ, ಆಮೇಲೆ ಬಿಚ್ಚಿ ನೀರಿನಲ್ಲಿ ಮೆಲ್ಲಗೆ ಅಲ್ಲಾಡಿಸಿ. ಹೊಟ್ಟೆಯಿಂದ ಹೊರಟ ಮೇಲೆ ಮೊದಲ ಸುರುಳಿಯಲ್ಲಿ ಅಡ್ಡಡ್ಡ ಬಿಳಿ ಗೆರೆಗಳಿವೆಯೇ, ನಡುಭಾಗ ಊದಿಕೊಂಡು ಒಳಗೆ ಕಿತ್ತಳೆ ಬಣ್ಣದ ಲೋಳೆ ಇದೆಯೇ, ಕರುಳಿನ ಕೊನೆಯಲ್ಲಿರುವ ಎರಡು ಚೀಲಗಳಲ್ಲಿ ರಕ್ತವಿದೆಯೇ, ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ. ಅಂಕ ಹಾಕಲು ಅನುಮಾನ ಬಂದರೆ ಚಿತ್ರದ ಪಕ್ಕದಲ್ಲಿ ಕರುಳಿಟ್ಟು ನೋಡಿ. ನಿಮ್ಮ ಕಣ್ಣಿನ ಮೇಲೆ ನನಗೆ ನಂಬಿಕೆಯಿದೆ.

ಋಣಿಯಾದ,
ನಾದಿನಿ


ಮಾರ್ಚ್ 21

ಮಗೂ,

ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಆದರೂ ಪೂರ್ತಿ ಬರೆಯುತ್ತೇನೆ, ಅವನು ಕಾಯಲಿ.

ನೀನು ಹೇಳಿದ ಹಾಗೇ ಮಾಡಿದೆ. ಕಣ್ಣು ಮುಚ್ಚಿದೆ, ಆದರೆ ಮೊದಲನೆಯ ಸಲ ಕಳ್ಳತನದಲ್ಲಿ ಒಂದು ಕಣ್ಣು ತೆರೆಯಿತು, ಕೈ ತಾನಾಗಿ ದಪ್ಪ ಕೋಳಿಯ ಕಡೆ ಹೋಯಿತು. ಅಭ್ಯಾಸ ನೋಡು. ಅದನ್ನು ಬಿಟ್ಟು, ತಲೆಗೆ ಟವೆಲ್ ಕಟ್ಟಿಕೊಂಡು ಹಿಡಿದೆ. ಶೆಡ್ಡಿನ ನಡುವೆ ಕಣ್ಣು ಕಟ್ಟಿಕೊಂಡು ಕೈ ಚಾಚಿ ನಿಂತಿದ್ದಾಗಲೇ ತಕ್ಕಡಿ ಬಂದ. "ಅಕ್ಕಾ, ಹುಷಾರಾಗಿದೀರಾ?" ಅಂತ ಬಾಗಿಲಲ್ಲೇ ನಿಂತ. ನಿನ್ನ ಹೆಸರು ಹೇಳಿ ಬಾಯಿ ಮುಚ್ಚಿಸಿದೆ.

ಇಷ್ಟು ವರ್ಷ ಕೋಳಿ ಸಾಕಿದ್ದೇನೆ, ಅಡುಗೆಗೆ ಎಷ್ಟು ಕೊಯ್ದಿದ್ದೇನೋ ಲೆಕ್ಕವಿಲ್ಲ, ಕರುಳನ್ನು ಮಾತ್ರ ನೋಡದೆ ಬಿಸಾಕಿದ್ದೇನೆ. ಮೊದಲನೆಯದನ್ನು ಬಿಚ್ಚುವಾಗ ಕತ್ತರಿ ಎರಡು ಸಲ ಜಾರಿತು. ಎರಡನೆಯದಕ್ಕೆ ಕತ್ತರಿ ಹಿಡಿತಕ್ಕೆ ಬಂತು. ಮೂರನೆಯದರಲ್ಲಿ ನೀನು ಬರೆದ ಆ ಕಿತ್ತಳೆ ಲೋಳೆ ಕಂಡಿತು. ಚಿತ್ರದ ಪಕ್ಕದಲ್ಲಿಟ್ಟೆ, ಅದೇ. ನಡುಭಾಗದ ಗೋಡೆ ದಪ್ಪವಾಗಿ, ಹೊರಗಿನಿಂದಲೇ ಸೂಜಿಯಲ್ಲಿ ಚುಚ್ಚಿದ ಹಾಗೆ ಕೆಂಪು ಚುಕ್ಕಿ. ಇದನ್ನು ಹೊಟ್ಟೆಯೊಳಗಿಟ್ಟುಕೊಂಡು ಅದು ಬೆಳಿಗ್ಗೆ ನನ್ನ ಕಾಲಿಗೆ ತೊಡರಿಕೊಂಡು ಮೇವು ತಿಂದಿತ್ತು. ಕೋಳಿಗಾದರೂ ಬಾಯಿಲ್ಲ. ನನಗೆ ತುಂಬ ಅಳು ಬಂತು, ಯಾಕೆ ಅಂತ ನಿನಗೆ ಬರೆಯಬೇಕಾಗಿಲ್ಲ.

ಮೊದಲ ಸುರುಳಿ: ಒಂದು, ಎರಡು, ಒಂದು, ಎರಡು, ಎರಡು. ನಡುಭಾಗ: ಎರಡು, ಎರಡು, ಮೂರು, ಮೂರು, ಎರಡು. ಕೊನೆಯ ಚೀಲ: ನಾಲ್ಕು ಕೋಳಿಗೆ ಸೊನ್ನೆ, ನಡುವಿನಿಂದ ಹಿಡಿದದ್ದಕ್ಕೆ ಒಂದು. ಐದರಲ್ಲಿ ಒಂದೂ ಶುಭ್ರವಿಲ್ಲ.

ಇನ್ನೊಂದು ವಿಷಯ. ಕೋಳಿ ಕುಡಿಯುವ ನೀರಿನ ಪೈಪಿನ ಕೆಳಗೆ ಉದ್ದಕ್ಕೂ ಹಾಸಿದ ಹೊಟ್ಟು ಒದ್ದೆಯಾಗಿ ಹಲಗೆಯ ಹಾಗೆ ಗಟ್ಟಿ ಕಟ್ಟಿದೆ. ಪೈಪನ್ನು ನಾನು ತಗ್ಗಿಸಿಯೇ ಇಟ್ಟಿರುತ್ತೇನೆ. ಪಾಪ, ಕತ್ತು ಎತ್ತಿ ಎತ್ತಿ ಕುಡಿಯಬೇಕಲ್ಲ ಅಂತ. ಇದಕ್ಕೂ ಅದಕ್ಕೂ ಏನಾದರೂ ಸಂಬಂಧವಿದೆಯಾ?

ಇನ್ನು ಹತ್ತೊಂಬತ್ತು ದಿನ ಉಳಿದಿದೆ. ಬೇಗ ಬರೆ.

ಅತ್ತಿಗೆ


ಮಾರ್ಚ್ 22

ಅತ್ತಿಗೆ,

ಸಂಬಂಧ ಇದೆ. ಅದೇ ಮೂಲ. ಪೈಪು ತಗ್ಗಿನಲ್ಲಿದ್ದರೆ ಕೋಳಿ ಪಕ್ಕದಿಂದ ಕೊಕ್ಕು ಹಾಕುತ್ತದೆ, ಅರ್ಧ ನೀರು ಕೆಳಗೆ ಬೀಳುತ್ತದೆ. ಹಿಕ್ಕೆಯಲ್ಲಿ ಬಿದ್ದ ಕಾಕ್ಸಿಯ ಮೊಟ್ಟೆಗಳು ಬಲಿಯುವುದಕ್ಕೆ ಒದ್ದೆ ಬೇಕು. ನೀವು ಮರುಕದಿಂದ ಅದಕ್ಕೆ ತೊಟ್ಟಿಲು ಕಟ್ಟಿ ಕೊಟ್ಟಿದ್ದೀರಿ. ಇವತ್ತೇ ಪೈಪು ಏರಿಸಿ. ಕತ್ತು ನೆಟ್ಟಗೆ ಚಾಚಿ ಕುಡಿಯಲಿ, ಅವುಗಳಿಗೆ ಅದೇ ಸರಿ. ಹಲಗೆ ಕಟ್ಟಿದ್ದನ್ನೆಲ್ಲ ಎತ್ತಿ ಹೊರಗೆ ಹಾಕಿ, ಒಣ ಹೊಟ್ಟು ಹಾಸಿ, ದಿನಾ ಕೆದಕಿ.

ವ್ಯಾನಿನವನನ್ನು ಗೇಟಿನಲ್ಲಿ ಕೂರಿಸಿ ಇದನ್ನು ಬರೆಯುತ್ತಿದ್ದೇನೆ. ಅವನ ಕೈಯಲ್ಲೇ ನೀರಿಗೆ ಹಾಕುವ ಔಷಧಿ ಕಳಿಸಿದ್ದೇನೆ. ಅಳತೆ ಬಾಟಲಿಯ ಮೇಲೆ ಬರೆದಿದೆ, ಎರಡೇ ದಿನ, ಜಾಸ್ತಿ ಕೊಡಬೇಡಿ. ನಿಮ್ಮ ಅಂಕಗಳನ್ನು ನಮ್ಮ ಹಿರಿಯ ಡಾಕ್ಟರರಿಗೆ ತೋರಿಸಿದೆ. "ಯಾರು ನೋಡಿದ್ದು? ಎಷ್ಟು ವರ್ಷದ ಅನುಭವ?" ಅಂದರು. ನಿನ್ನೆ ಶುರು ಮಾಡಿದ್ದಾರೆ ಅಂದೆ.

ನಿಮ್ಮ
ನಾದಿನಿ


ಏಪ್ರಿಲ್ 2

ಅತ್ತಿಗೆ,

ಇದು ಕೋಳಿಯ ಕಾಗದವಲ್ಲ.

ಮೂರನೆಯ ಕೋಳಿಯ ವಿಷಯ ನೀವು ಬರೆದಿದ್ದಿರಲ್ಲ, ಅದನ್ನು ಓದಿದ ಮೇಲೆ ನನಗೆ ಸಮಾಧಾನವಿಲ್ಲ. ಹೇಳದೆ ನಿಮ್ಮಿಂದ ಪ್ರೀತಿ ತೆಗೆದುಕೊಳ್ಳುತ್ತಾ ಹೋಗುವುದು ಕಳ್ಳತನದ ಹಾಗಿದೆ.

ಅಣ್ಣ ಆಸ್ಪತ್ರೆ ಸೇರುವ ಮೂರು ವಾರ ಮೊದಲು ನನಗೆ ಫೋನ್ ಮಾಡಿದ್ದ. ಹೊಟ್ಟೆ ಉರಿಯುತ್ತೆ ಅಂದ. ನಾನು ಪುಸ್ತಕದಿಂದ ತಲೆ ಎತ್ತದೆ, "ಆಸಿಡಿಟಿ ಇರ್ಬೇಕು ಅಣ್ಣಾ, ಮಾತ್ರೆ ತಗೋ, ಖಾರ ಕಡಿಮೆ ಮಾಡು" ಅಂದೆ. ಅಷ್ಟೇ. ಒಂದು ಪ್ರಶ್ನೆ ಕೇಳಲಿಲ್ಲ. ಯಾವಾಗಿನಿಂದ, ಊಟ ಸೇರುತ್ತಾ, ತೂಕ ಇಳಿದಿದೆಯಾ, ಒಂದೂ ಇಲ್ಲ. ಯಾರೋ ಸಾಕಿದ ಕೋಳಿಗಾದರೆ ಹತ್ತು ಪ್ರಶ್ನೆ ಕೇಳುತ್ತೇನೆ. ಆಮೇಲೆ ಎಲ್ಲರ ಮುಂದೆ ನಿಂತು, ನೀವು ನೋಡಿಕೊಳ್ಳಲಿಲ್ಲ ಅಂದೆ. ನೋಡದೇ ಇದ್ದವಳು ನಾನು. ಅದು ಯಾರಿಗೂ ಗೊತ್ತಾಗಬಾರದು ಅಂತಲೇ ಅಷ್ಟು ಜೋರಾಗಿ ಕೂಗಿದೆ ಅಂತ ಈಗ ಅನ್ನಿಸುತ್ತದೆ.

ನೀವು ಇನ್ನು ಕಾಗದ ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ. ಔಷಧಿ, ಸಲಹೆ ಏನು ಬೇಕಾದರೂ ಲ್ಯಾಬಿಗೆ ಅಂತ ಬರೆಯಿರಿ, ತಪ್ಪದೆ ಕಳಿಸುತ್ತೇನೆ.

ನಾದಿನಿ


ಏಪ್ರಿಲ್ 11

ಮಗೂ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ಬೇಕೆಂದೇ ಕಾಯಿಸಿದೆ ಅಂದುಕೊಳ್ಳಬೇಡ. ಶೆಡ್ಡಿನ ವಿಷಯ ಏನಾಗುತ್ತದೋ ಅಂತ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಆ ಗಾಬರಿಯಲ್ಲಿ ನಿನಗೆ ಏನಾದರೂ ಒರಟಾಗಿ ಬರೆದುಬಿಟ್ಟೇನು ಅಂತ ಹೆದರಿ ಪೆನ್ನು ಮುಟ್ಟಲಿಲ್ಲ.

ಮೊದಲು ಶೆಡ್ಡು. ಮೂವತ್ತನೆಯ ದಿನ ತಕ್ಕಡಿ ಕಂಪನಿಯ ಡಾಕ್ಟರನ್ನು ಕರೆದುಕೊಂಡು ಬಂದ. ನಾನು ಅಂಕ ಹಾಕುತ್ತೇನೆ ಅಂದದ್ದನ್ನು ನಂಬಿರಲಿಲ್ಲ. ಡಾಕ್ಟರು ಐದು ಹಿಡಿಸಿ, ಬಿಚ್ಚಿ, ತಾವು ಬರೆದದ್ದನ್ನು ಮುಚ್ಚಿಟ್ಟುಕೊಂಡು ನನ್ನನ್ನು ಕರೆದರು. ಸೊನ್ನೆ, ಸೊನ್ನೆ, ಒಂದು, ಸೊನ್ನೆ ಅಂದೆ, ನಾಲ್ಕೂ ಅವರು ಬರೆದದ್ದಕ್ಕೆ ಹೊಂದಿದವು. ಕೊನೆಯದಕ್ಕೆ ನಾನು ಒಂದು ಅಂದೆ, ಅವರು ಸೊನ್ನೆ ಬರೆದಿದ್ದರು. "ನೀವು ನನಗಿಂತ ಬಿಗಿ" ಅಂತ ನಕ್ಕರು. ಮೊನ್ನೆ ಲಾರಿ ಬಂತು. ತೂಕ ಕಂಪನಿ ಕೇಳುವುದಕ್ಕಿಂತ ಐವತ್ತು ಗ್ರಾಂ ಕಡಿಮೆ, ಅಷ್ಟೇ. ತಕ್ಕಡಿ ಎರಡೆರಡು ಸಲ ತೂಗಿದ. ಆಮೇಲೆ, "ಅಕ್ಕಾ, ಮುಂದಿನ ಮರಿ ಯಾವತ್ತು ಇಳಿಸ್ಲಿ?" ಅಂದ. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದು ತಾರೀಖು ಹೇಳಿದೆ. ನಿನ್ನಿಂದ ಈ ಶೆಡ್ಡು ಉಳಿಯಿತು. ಇದನ್ನು ಬಾಯಿಬಿಟ್ಟು ಹೇಳಬೇಕು, ಹೇಳುತ್ತಿದ್ದೇನೆ. ನನ್ನನ್ನು ಬೆಳಿಗ್ಗೆ ಎಬ್ಬಿಸುವವಳು ಇನ್ನು ಮೇಲೆ ನೀನೇ.

ಈಗ ನಿನ್ನ ಕಾಗದ. ಆ ಫೋನಿನ ವಿಷಯ ನನಗೆ ಗೊತ್ತು. ಅವತ್ತೇ ಗೊತ್ತು. ಸ್ಪೀಕರ್ ಹಾಕಿಕೊಂಡು ಮಾತಾಡುತ್ತಿದ್ದರು, ನಾನು ಮೇವಿನ ಬಕೆಟ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನೀನು ಹೇಳಿದ್ದನ್ನು ಕೇಳಿಸಿಕೊಂಡೆ. ಅವರು ನಿನಗೆ ಏನು ಹೇಳಿದರು ಅನ್ನುವುದನ್ನೂ ಕೇಳಿಸಿಕೊಂಡೆ. "ಸ್ವಲ್ಪ ಉರಿ ಅಷ್ಟೇ ಕಣೇ, ಬೇರೇನಿಲ್ಲ" ಅಂದರು. ಎರಡು ತಿಂಗಳಿಂದ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದದ್ದು ಹೇಳಲಿಲ್ಲ. ಬೆಲ್ಟಿಗೆ ಹೊಸದಾಗಿ ಎರಡು ತೂತು ಹೊಡೆದುಕೊಂಡದ್ದು ಹೇಳಲಿಲ್ಲ. ನಾನು "ಹೇಳಿ, ಹೇಳಿ" ಅಂತ ಸನ್ನೆ ಮಾಡಿದೆ, ಕಣ್ಣಲ್ಲೇ ಗದರಿಸಿದರು. ಫೋನ್ ಇಟ್ಟ ಮೇಲೆ, "ಅವಳಿಗೆ ಮುಂದಿನ ವಾರ ಪಿ.ಜಿ. ಪರೀಕ್ಷೆ, ಯಾಕೆ ಗಾಬರಿ ಮಾಡೋದು" ಅಂದರು. ಆಸ್ಪತ್ರೆಗೆ ಎಳೆದುಕೊಂಡು ಹೋಗಲು ನನಗೆ ಇನ್ನೂ ಮೂರು ವಾರ ಬೇಕಾಯಿತು. ಅದು ನನ್ನ ಪಾಲಿನ ತಪ್ಪು, ಅದನ್ನು ನಾನು ನಿನಗೆ ಕೊಡುವುದಿಲ್ಲ.

ನೀನು ಡಾಕ್ಟರು. ಬುಟ್ಟಿಯಲ್ಲಿ ಏನು ಬಂತೋ ಅದನ್ನು ನೋಡಿ ಹೇಳಿದೆ. ಬುಟ್ಟಿ ತುಂಬಿದವರು ನಿನ್ನ ಅಣ್ಣ. ತಂಗಿಗೆ ಅಂತ ಚೆನ್ನಾಗಿರುವುದನ್ನೇ ಆರಿಸಿ ಕಳಿಸಿದರು, ಪುಣ್ಯಾತ್ಮ.

ಅವತ್ತು ನೆಂಟರ ಮುಂದೆ ಯಾಕೆ ಸುಮ್ಮನಿದ್ದೆ ಅಂದರೆ, ನಿನ್ನ ಮುಖ ನೋಡಿದೆ. ಯಾರ ಮೇಲಾದರೂ ಕೂಗಾಡದಿದ್ದರೆ ನೀನು ಅಲ್ಲೇ ಕುಸಿದುಬಿಡುತ್ತಿದ್ದೆ. ನಾನು ಹತ್ತಿರದಲ್ಲಿದ್ದೆ, ಕೂಗಿಸಿಕೊಂಡೆ. ಆಮೇಲೆ ಎರಡು ವರ್ಷ ನೀನು ಬಾರದೇ ಇದ್ದದ್ದಕ್ಕೆ ಮಾತ್ರ ನನಗೆ ಕೋಪ ಬಂದಿತ್ತು, ಈಗಲೂ ಸ್ವಲ್ಪ ಇದೆ. ಬಂದು ಬೈಸಿಕೊಂಡು ಹೋಗು.

ಮರಿಗಳು ಇಪ್ಪತ್ತೈದಕ್ಕೆ ಬರುತ್ತವೆ. ನೀನು ಇಪ್ಪತ್ನಾಲ್ಕಕ್ಕೇ ಬಾ. ಹೊಟ್ಟು ಹಾಸುವುದಕ್ಕೆ ಒಂದು ಕೈ ಬೇಕು.

ದಾರಿ ನೋಡುತ್ತಿರುವ,
ನಿನ್ನ ಅತ್ತಿಗೆ